ಸಂಜೆ ಆರೂವರೆಯ ಗುಡ್ಡ

ಸಿದ್ರಾಯನನ್ನು ಕಂಡರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಫ್ಯಾನುಗಳು ತಾವಾಗಿಯೇ ನಿಂತುಬಿಡುತ್ತವೆ ಎಂದು ಜನ ಆಡಿಕೊಳ್ಳುತ್ತಾರೆ. ಇದು ಸುಳ್ಳು. ಒಂದೊಂದನ್ನೂ ಅವನು ಕೈಯಾರೆ ಬಂದ್ ಮಾಡಬೇಕಾಗುತ್ತದೆ. ಅದಕ್ಕೇ ಮೂರೂ ಊರಲ್ಲಿ ಅವನಿಗೆ ಬಂದ್ ಸಿದ್ರಾಯ ಎಂದು ಹೆಸರು ಬಿದ್ದಿದೆ. ಆ ಹೆಸರಿನ ಬಗ್ಗೆ ಅವನಿಗೆ ಬೇಸರವೇನೂ ಇಲ್ಲ. ಕೂಗಿದರೆ ಹೊರಳಿ ನೋಡುತ್ತಾನೆ.

ಗೋಕಾಕದ ಬಟ್ಟೆ ವ್ಯಾಪಾರಿ ಕುಂಥುನಾಥರು ಈ ಮೂರೂ ಊರಲ್ಲಿ ಒಂದೊಂದು ಮೂರಂತಸ್ತಿನ ಕಟ್ಟಡ ಕಟ್ಟಿಸಿ ಆಫೀಸುಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ವಿಮೆಯವರು, ವಕೀಲರು, ಬೀಜದ ಕಂಪನಿಯವರು, ಕಂಪ್ಯೂಟರ್ ಕ್ಲಾಸಿನವರು, ಹೀಗೆ ಎಲ್ಲ ಬಗೆಯವರೂ ಅಲ್ಲಿದ್ದಾರೆ. ಅಷ್ಟೂ ಜನರ ಕರೆಂಟಿನ ಉಸ್ತುವಾರಿ ಇಪ್ಪತ್ತೆರಡು ವರ್ಷದಿಂದ ಸಿದ್ರಾಯನದು. ಸೋಮವಾರ, ಗುರುವಾರ ಗೋಕಾಕ. ಮಂಗಳವಾರ, ಶುಕ್ರವಾರ ಮೂಡಲಗಿ. ಉಳಿದೆರಡು ದಿನ ಹುಕ್ಕೇರಿ. ಬೆಳಿಗ್ಗೆ ಕುಲಗೋಡದಿಂದ ಬಸ್ಸು ಹತ್ತಿದರೆ ಸಂಜೆ ಐದು ದಾಟುತ್ತಲೇ ಮತ್ತೆ ಊರಿನ ದಾರಿ ಹಿಡಿಯುತ್ತಾನೆ. ಬಸ್ಸಿನಲ್ಲಿ ಹಗಲು ಹೊತ್ತು ದೀಪ ಉರಿಯುತ್ತಿದ್ದರೆ ಡ್ರೈವರನಿಗೂ ಹೇಳುತ್ತಾನೆ.

ಅವನ ಕೆಲಸದ ರೀತಿಗೆ ಪುಸ್ತಕವಿಲ್ಲ. ಬ್ರೇಕರಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದಂತೆ ನೋಡಿ, ಯಾವ ಲೈನಿನ ಮೇಲೆ ಎಷ್ಟು ಹೊರೆ ಇದೆ ಎಂದು ಹೇಳಬಲ್ಲ. ತಿಂಗಳಿಗೊಮ್ಮೆ ಏಸಿಗಳ ಜಾಳಿಗೆ ಬಿಚ್ಚಿ ತೊಳೆದು ತಾರಸಿಯ ಮೇಲೆ ಒಣಹಾಕುತ್ತಾನೆ. ಮೂಡಲಗಿಯ ಬೀಜದ ಕಂಪನಿಯ ಮ್ಯಾನೇಜರು ಏಸಿಯನ್ನು ಹದಿನೆಂಟಕ್ಕೇ ಇಡಬೇಕು, ಇಲ್ಲವಾದರೆ ಬೀಜ ಕೆಡುತ್ತವೆ ಎಂದು ಒಮ್ಮೆ ವಾದಿಸಿದರು.

"ಬೀಜ ಗೋದಾಮಿನ್ಯಾಗ ಅದಾವ್ರಿ ಸಾಹೇಬ್ರ. ಇಲ್ಲಿ ನೀವ ಅದೀರಿ" ಎಂದ ಸಿದ್ರಾಯ. ಇಪ್ಪತ್ತಾರಕ್ಕೆ ಇಟ್ಟ. ಮ್ಯಾನೇಜರು ಕೆಡಲಿಲ್ಲ.

ಊಟವಾದ ಮೇಲೆ ಮೇಜಿಗೆ ತಲೆಯಿಟ್ಟು ಮಲಗಿದ್ದ ವಕೀಲರೊಬ್ಬರ ಫ್ಯಾನನ್ನು ಬಂದ್ ಮಾಡಿದ್ದೂ ಉಂಟು. ಅವರು ಬೆವೆತು ಎದ್ದು ಕೂಗಾಡಿದರು. ನಿದ್ದೆಗೆ ಕರೆಂಟು ಬೇಕಾಗಿಲ್ಲ, ಹೊರಗೆ ಬೇವಿನ ಗಿಡವಿದೆ ಎಂದು ಸಿದ್ರಾಯ ಸಮಾಧಾನವಾಗಿ ತಿಳಿಸಿದ. ಅವನಿಗೆ ಸಿಟ್ಟು ಬರುವುದಿಲ್ಲ. ಆದರೆ ಸೊಕ್ಕು ಇದೆ, ಅದನ್ನು ಮುಚ್ಚಿಡುವುದೇಕೆ? ತಾನು ಕಾಲಿಟ್ಟ ಕಟ್ಟಡದಲ್ಲಿ ಒಂದು ಯೂನಿಟ್ಟೂ ಪೋಲಾಗುವುದಿಲ್ಲ ಎಂಬುದು ಆ ಸೊಕ್ಕು. ಅವನ ಬಳಿ ಇದ್ದ ಆಸ್ತಿಯೆಂದರೆ ಅದೊಂದೇ.

ಹೋದ ವರ್ಷ ಡಿಸೆಂಬರಿನಲ್ಲಿ ಕುಂಥುನಾಥರ ಮಗಳು ಮೇಘಾ ಪುಣೆಯ ಓದು ಮುಗಿಸಿ ಬಂದು ಕಟ್ಟಡಗಳ ವ್ಯವಹಾರವನ್ನು ಕೈಗೆ ತೆಗೆದುಕೊಂಡಳು. ಬಂದವಳೇ ಮೂರೂ ಕಡೆ ಹೊಸ ಮೀಟರು ಹಾಕಿಸಿದಳು. ಯಾವ ನಿಮಿಷಕ್ಕೆ ಎಷ್ಟು ಕರೆಂಟು ಹೋಯಿತು ಎಂಬುದನ್ನು ಈ ಮೀಟರುಗಳು ಫೋನಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದವು. ಇಂಥ ಮೀಟರು ಬಂದರೆ ಹಳೆಯ ಮನುಷ್ಯ ಮುಖ ಸಣ್ಣ ಮಾಡಬೇಕು, ರೂಢಿ ಹಾಗಿದೆ. ಸಿದ್ರಾಯನಿಗೆ ಮಾತ್ರ ಹಬ್ಬವಾಯಿತು. ಇಷ್ಟು ವರ್ಷ ತಾನು ಬಾಯಿಂದ ಹೇಳಿದ್ದನ್ನು ಈಗ ಗೋಡೆಯ ಮೇಲಿನ ಪೆಟ್ಟಿಗೆಯೇ ಹೇಳುತ್ತದಲ್ಲ!

ಮೂರೂ ಕಟ್ಟಡದಲ್ಲಿ ಒಂದು ನೋಟೀಸು ಅಂಟಿಸೋಣ ಎಂದು ಮೇಘಾ ಹೇಳಿದಾಗ ಅದರ ಕೊನೆಯ ಸಾಲನ್ನು ಹಟ ಹಿಡಿದು ಬರೆಸಿದವನು ಸಿದ್ರಾಯನೇ: ವಿದ್ಯುತ್ ಪೋಲು ಮಾಡಿದ ನೌಕರರು ಯಾರೇ ಇರಲಿ, ಅವರನ್ನು ಕೆಲಸದಿಂದ ಬಿಡಿಸಲಾಗುವುದು. ಮೇಘಾ ಸ್ವಲ್ಪ ಅನುಮಾನಿಸಿದಳು.

"ಇಷ್ಟ ಬಿರುಸು ಬೇಕೇನ್ ಕಾಕಾ?"

"ಬೇಕವ್ವಾ. ಅಕ್ಷರಾ ಇನ್ನಾ ಸ್ವಲ್ಪ ದೊಡ್ಡವ ಇರ್ಲಿ."

ಅಂಟನ್ನೂ ತಾನೇ ಕಾಸಿಕೊಂಡು ತಂದು, ಮೂಲೆ ಏಳದ ಹಾಗೆ ಒತ್ತಿ ಹಚ್ಚಿದ.

ಒಂದು ತಿಂಗಳಲ್ಲಿ ಹಗಲಿನ ಗೆರೆ ಇಳಿದು ಬಯಲಿನಂತೆ ಸಮನಾಯಿತು. ಆದರೆ ಸಂಜೆ ಎಲ್ಲ ಆಫೀಸುಗಳೂ ಮುಚ್ಚಿದ ಮೇಲೆ, ಮೂರೂ ಊರಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಗೆರೆ ಎದ್ದು ನಿಲ್ಲುತ್ತಿತ್ತು. ಮುಕ್ಕಾಲು ತಾಸು ಗುಡ್ಡದ ಹಾಗೆ ಇದ್ದು ಮತ್ತೆ ಮಲಗುತ್ತಿತ್ತು. ಭಾನುವಾರ ಬಿಟ್ಟು ದಿನವೂ ಇದೇ ಕಥೆ. ಯಾರೋ ಲೈನಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುತ್ತಿದ್ದಾರೆ ಎಂದು ಮೇಘಾ ತೀರ್ಮಾನಿಸಿದಳು. ಒಂದು ಫಾರ್ಮು ಕೊಟ್ಟಳು. ಅದರಲ್ಲಿ ಕಾರಣ, ಹೊಣೆಗಾರರು, ಕ್ರಮ ಎಂದು ಮೂರು ಕಾಲಮು ಇದ್ದವು.

"ಫೆಬ್ರುವರಿ ಮುಗಿಯೂದರಾಗ ಹೆಸರು ಬರಬೇಕು ಕಾಕಾ" ಎಂದಳು.

ತನ್ನ ಕೈಕೆಳಗೆ ಕಳವು! ಸಿದ್ರಾಯನಿಗೆ ಎರಡು ದಿನ ರೊಟ್ಟಿ ಸೇರಲಿಲ್ಲ. ತಾರಸಿ ಹತ್ತಿ ವೈರು ವೈರು ಜಗ್ಗಿ ನೋಡಿದ. ಗೋಕಾಕದಲ್ಲಿ ಒಂದು ಪಾರಿವಾಳದ ಗೂಡು ಸಿಕ್ಕಿತು. ಹುಕ್ಕೇರಿಯ ಕಟ್ಟಡದ ಬಾಜೂ ಇದ್ದ ಕ್ಷೌರದಂಗಡಿಯವನ ಮೇಲೆ ಅನುಮಾನಪಟ್ಟು ಅವನ ಮೀಟರು ತೆಗೆಸಿ ಪರೀಕ್ಷಿಸಿದ. ಎಲ್ಲವೂ ಸರಿಯಾಗಿತ್ತು. ಅಂದಿನಿಂದ ಆ ಕ್ಷೌರಿಕ ಇವನ ನಮಸ್ಕಾರ ತೆಗೆದುಕೊಳ್ಳುವುದನ್ನು ಬಿಟ್ಟ. ಇದೆಲ್ಲದರ ನಡುವೆ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಡಿಸೆಂಬರಿನಲ್ಲಿ ಆರಕ್ಕೆ ಏಳುತ್ತಿದ್ದ ಗುಡ್ಡ, ದಿನಕ್ಕೆ ಅರ್ಧ ನಿಮಿಷದಂತೆ ಸರಿಯುತ್ತ ಸರಿಯುತ್ತ ಫೆಬ್ರುವರಿಯಲ್ಲಿ ಆರೂವರೆಗೆ ಬಂದು ನಿಂತಿತ್ತು. ಇಷ್ಟು ಶಿಸ್ತಿನ ಕಳ್ಳನನ್ನು ಅವನು ಕೇಳಿರಲಿಲ್ಲ.

ಆ ಭಾನುವಾರ ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಹಿಂದಿನ ದಿನದ ಗೆರೆ ನೋಡುತ್ತಿದ್ದ. ಹೆಂಡತಿ ಯಮನವ್ವ ಕಸ ಗುಡಿಸಿ, ಕಸಬರಿಗೆ ಮೂಲೆಗಿಟ್ಟು, ಕೈಕಾಲು ತೊಳೆದು ಬಂದಳು. ಪಡಸಾಲೆಯ ದೀಪ ಹಾಕಿ ಕೈ ಮುಗಿದಳು. ಅಡುಗೆಮನೆಯದು, ದೇವರ ಕೋಣೆಯದು, ಯಾರೂ ಮಲಗದ ಹಿಂದಿನ ಕೋಣೆಯದು, ಕಡೆಗೆ ಎಮ್ಮೆಯ ಕೊಟ್ಟಿಗೆಯದು. ಸಿದ್ರಾಯನೂ ಕುಳಿತಲ್ಲಿಂದಲೇ ಫೋನು ಹಿಡಿದ ಕೈಗೆ ಇನ್ನೊಂದು ಕೈ ಸೇರಿಸಿ ಮುಗಿದ. ಮೂವತ್ತು ವರ್ಷದಿಂದ ಹಾಗೆ ಮುಗಿಯುತ್ತ ಬಂದವನು. ಆಮೇಲೆ ಫೋನಿನಲ್ಲಿ ಹೊತ್ತು ನೋಡಿದ. ಆರು ಗಂಟೆ ಮೂವತ್ನಾಲ್ಕು ನಿಮಿಷ.

"ಯಾಕ, ಏನಾತು?" ಎಂದಳು ಯಮನವ್ವ.

"ಏನಿಲ್ಲ. ಕಳ್ಳ ಸಿಕ್ಕಾನ" ಎಂದ.

ಮಂಗಳವಾರ ಮೂಡಲಗಿಯಲ್ಲಿ ಐದರ ಬಸ್ಸನ್ನು ಬೇಕೆಂದೇ ಬಿಟ್ಟ. ಎಲ್ಲರೂ ಹೋದ ಮೇಲೆ ಕಸಗುಡಿಸುವ ಶಿವವ್ವ ಬಂದಳು. ಅರವತ್ತರ ಹತ್ತಿರದ ಹೆಂಗಸು, ಮಂಡಿನೋವು, ಆದರೂ ಮೂರೂ ಮಹಡಿ ಅವಳದೇ. ಹೊತ್ತು ಮುಳುಗುವ ಮೊದಲೇ ಗುಡಿಸಿ ಮುಗಿಸಿದಳು. ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟುವಂತಿಲ್ಲವಲ್ಲ. ನಂತರ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಆಫೀಸಿನ ಎಲ್ಲ ದೀಪ ಹಾಕುತ್ತ, ಪ್ರತಿ ಬಾಗಿಲಲ್ಲೂ ಕೈ ಮುಗಿಯುತ್ತ ಹೊರಟಳು. ಸಿದ್ರಾಯ ಹಿಂದೆ ಹಿಂದೆಯೇ ಹೋದ. ಎರಡು ವರ್ಷದಿಂದ ಬಾಡಿಗೆಗೆ ಯಾರೂ ಬರದೆ ಖಾಲಿ ಬಿದ್ದ ಮೇಲಿನ ಕೋಣೆಗೂ ಅವಳು ದೀಪ ಹಾಕಿದಾಗ ಅವನಿಗೆ ತಡೆಯಲಾಗಲಿಲ್ಲ.

"ಶಿವವ್ವಾ, ಖಾಲಿ ಕೋಲಿಗೆ ಯಾಕ ಬೇ?"

ಅವಳು ಬೆಚ್ಚಲಿಲ್ಲ. "ಖಾಲಿ ಐತಂತನ ಹಚ್ಚೂದು. ಕತ್ತಲಾಗ ಇಟ್ರ ಯಾರ ಬರ್ತಾರ ಇಲ್ಲಿ?"

"ಮುಕ್ಕಾಲ ತಾಸು ಹಂಗ ಬಿಡ್ತೀಯಲ್ಲ?"

"ಕಾವಲಿನಂವ ಬರೂತನಕಾ ಇರ್ತೇನಿ. ಹಚ್ಚಿದ ದೀಪ ನಾ ಹೆಂಗ ಕಳೀಲಿ? ಅಂವ ಬಂದ ಕಳೀತಾನ. ನಿನಗ ಬ್ಯಾಡಾದ್ರ ನೀನ ಬಂದ್ ಮಾಡು."

ಸಿದ್ರಾಯ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಇಪ್ಪತ್ತೆರಡು ವರ್ಷ ಮ್ಯಾನೇಜರು, ವಕೀಲರು ಎನ್ನದೆ ಎಲ್ಲರದನ್ನೂ ಬಂದ್ ಮಾಡಿದ ಬೆರಳು. ಕಿಟಕಿಯ ಹೊರಗೆ ಆಗತಾನೆ ಹೊತ್ತು ಮುಳುಗಿತ್ತು. ಬೆರಳು ಅಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು, ಬಂದದ್ದು ಬಂದಾಯಿತು ಎಂದು ಕೈ ಮುಗಿದು ಮೆಟ್ಟಿಲಿಳಿದ.

ಬುಧವಾರ ಹುಕ್ಕೇರಿಯಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳು ಅದನ್ನೇ ಮಾಡಿದಳು. ಗುರುವಾರ ಗೋಕಾಕದಲ್ಲಿ ಮಾಲಿಂಗ ಎಂಬವನು ಅದನ್ನೇ ಮಾಡಿದ, ಜೊತೆಗೆ ಎರಡು ಊದಿನಕಡ್ಡಿ. ಈ ಮೂವರಲ್ಲಿ ಒಬ್ಬರಿಗೊಬ್ಬರ ಪರಿಚಯವಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆಯಾದರೆ ದೀಪ ಹಚ್ಚಬೇಕು ಎಂದು ಯಾರಿಗಾದರೂ ಹೇಳಿಕೊಡಬೇಕೇ?

ಶುಕ್ರವಾರ ಫಾರ್ಮು ಕೊಡುವ ದಿನ. ಸಿದ್ರಾಯ ಮೂಡಲಗಿಯ ಕೆಲಸ ಅರ್ಧಕ್ಕೆ ಬಿಟ್ಟು ಗೋಕಾಕದ ಬಸ್ಸು ಹತ್ತಿದ. ತೊಡೆಯ ಮೇಲೆ ಫಾರ್ಮು ಇಟ್ಟುಕೊಂಡು ಕುಳಿತ. ಮೂರು ಹೆಸರು ಬರೆದರೆ ಮೂರು ಮನೆಯ ಪಗಾರ ನಿಲ್ಲುತ್ತದೆ. ಬರೆಯದಿದ್ದರೆ ಇಪ್ಪತ್ತೆರಡು ವರ್ಷದ ಮಾತು ನೀರುಪಾಲು. ಆ ನೋಟೀಸಿನ ಸಾಲನ್ನು ನೆನೆದು ಅವನಿಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು, ಪಕ್ಕದವನು ನೋಡಿಯಾನು ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಭಯವೂ ಆಯಿತು. ಐವತ್ತಾರರ ವಯಸ್ಸಿಗೆ ಹೊಸದಾಗಿ ಯಾರು ಕೆಲಸ ಕೊಡುತ್ತಾರೆ? ಅರಭಾವಿಯ ನಿಲ್ದಾಣದಲ್ಲಿ ಕಾಲೇಜಿನ ಹುಡುಗರು ಹತ್ತಿ ಗದ್ದಲವಾಯಿತು. ಆ ಗದ್ದಲದಲ್ಲೇ ಹೊಣೆಗಾರರು ಎಂಬ ಕಾಲಮಿನಲ್ಲಿ ತನ್ನ ಹೆಸರು ಬರೆದ. ಬಸ್ಸು ಕುಲುಕಿದ್ದರಿಂದ ಅಕ್ಷರ ಸೊಟ್ಟಗಾದವು.

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಘಾ ಕುಳಿತಿದ್ದಳು. ಕುಂಥುನಾಥರು ಮನೆಗೆ ಹೊರಡಲು ಎದ್ದು, ಬಾಗಿಲ ಬಳಿ ಚಪ್ಪಲಿಗೆ ಕಾಲು ಹುಡುಕುತ್ತಿದ್ದರು. ಮೇಘಾ ಫಾರ್ಮು ಓದಿದಳು, ಮತ್ತೊಮ್ಮೆ ಓದಿದಳು.

"ಇದರಾಗ ನಿಮ್ಮ ಹೆಸರ ಐತೆಲ್ಲ ಕಾಕಾ?"

"ಹೌದವ್ವಾ. ಲೈಟ್ ನಾನ ಹಚ್ಚೀನಿ."

"ಮೂರೂ ಕಡೆ?"

"ಮೂರೂ ಕಡೆ."

ಮೇಘಾ ಫೋನು ತೆಗೆದಳು. "ನಿನ್ನೆ ಹುಕ್ಕೇರ್ಯಾಗ ಆರೂ ಮೂವತ್ನಾಕಕ್ಕ. ಮೂಡಲಗ್ಯಾಗ ಆರೂ ಮೂವತ್ತೈದಕ್ಕ. ಇಲ್ಲಿ ಆರೂ ಮೂವತ್ತೇಳಕ್ಕ. ಯಾವ ಬಸ್ಸಿಗೆ ಅಡ್ಡಾಡಿದ್ರಿ?"

ಸಿದ್ರಾಯ ಬೆರಳು ಮಡಚಿ ಬಸ್ಸಿನ ಹೊತ್ತು ಎಣಿಸಿದ.

"ಬಸ್ ಲಗೂನ ಸಿಕ್ಕುವು" ಎಂದ.

ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಮೇಘಾ ನಗಲಿಲ್ಲ. ಯಾರು, ಖರೆ ಹೇಳಿ ಎಂದಳು.

"ಹೆಸರ ಕೇಳಬ್ಯಾಡವ್ವಾ, ಹೇಳಂಗಿಲ್ಲ. ಕಳವು ಗಿಳವು ಏನಿಲ್ಲ. ಕಸಾ ಹೊಡದು, ಹೊತ್ತ ಮುಳಗಿದ ಮ್ಯಾಲ ಎಲ್ಲಾ ಕೋಲಿಗೂ ದೀಪಾ ಹಚ್ಚಿ ಕೈ ಮುಗೀತಾರ. ನಿಮ್ಮ ಕಟ್ಟಡ ಕತ್ತಲಾಗ ಇರಬಾರದಂತ. ನಾ ಮೂರ ದಿನಾ ಬಾಜೂಕ ನಿಂತ ನೋಡೇನಿ. ಬಂದ್ ಮಾಡಾಕ ಕೈ ಹಾಕಿದೆ, ನನ್ನ ಕೈಲೆ ಆಗ್ಲಿಲ್ಲ. ಹಂಗಾಗಿ ನನ್ನ ಹೆಸರ ಬರದದ್ದ ಸುಳ್ಳ ಅಲ್ಲ."

ಕುಂಥುನಾಥರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದರು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆತನ. ದಿನವೂ ಐದಕ್ಕೆ ಅಂಗಡಿಯಿಂದೆದ್ದು, ಹೆಂಡತಿ ತಾರಾಬಾಯಿ ಬಡಿಸಿದ್ದನ್ನು ಬೆಳಕಿದ್ದಾಗಲೇ ಉಂಡು, ಜಪಕ್ಕೆ ಕುಳಿತರೆ ಮುಗಿಯಿತು, ಮರುದಿನ ಬೆಳಗಿನವರೆಗೆ ಅವರಿಗೆ ಪೇಟೆಯಿಲ್ಲ. ಮೂರು ಕಟ್ಟಡ ಕಟ್ಟಿಸಿದ್ದರು, ಮೂರರ ಪೂಜೆಯನ್ನೂ ಹಗಲಿನ ಮುಹೂರ್ತದಲ್ಲೇ ಮಾಡಿಸಿದ್ದರು. ದೀಪ ಹಚ್ಚಿದ್ದಾಗ ಒಂದನ್ನೂ ನೋಡಿರಲಿಲ್ಲ.

"ಎಲ್ಲಾ ಕೋಲಿಗೂ ಹಚ್ಚತಾರಾ?" ಎಂದರು.

"ಹೂನ್ರಿ. ಮೂಡಲಗ್ಯಾಗ ಖಾಲಿ ಐತೆಲ್ಲ, ಅದಕ್ಕೂ."

"ಹೊರಗಿಂದ ಹೆಂಗ ಕಾಣಸ್ತೈತಿ?"

ಇಂಥ ಪ್ರಶ್ನೆಯನ್ನು ಸಿದ್ರಾಯನಿಗೆ ಯಾರೂ ಕೇಳಿರಲಿಲ್ಲ. ಎಷ್ಟು ಯೂನಿಟ್ಟು, ಯಾವ ಫೇಸು ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದ.

"ಚಲೋ ಕಾಣಸ್ತೈತ್ರಿ" ಎಂದ.

ಕುಂಥುನಾಥರು ಇನ್ನೊಂದು ಚಪ್ಪಲಿ ಹಾಕಿಕೊಂಡರು. "ಉಂಡ ಬರ್ತೇನಿ. ನಾ ಬರೂತನಕಾ ದೀಪಾ ಬಂದ್ ಮಾಡಿಸಬ್ಯಾಡ" ಎಂದು ಸಿದ್ರಾಯನಿಗೆ ಹೇಳಿ ಮೆಟ್ಟಿಲಿಳಿದು ಹೋದರು.

ಮೇಘಾ ಪೆನ್ನು ತೆಗೆದುಕೊಂಡು ಸಿದ್ರಾಯನ ಸೊಟ್ಟ ಅಕ್ಷರದ ಕೆಳಗೆ ತನ್ನ ತಂದೆಯ ಹೆಸರನ್ನೂ ಬರೆದಳು.

"ಮಾಲಕರನ್ನ ಕೆಲಸದಿಂದ ಬಿಡಸಾಕ ಬರಂಗಿಲ್ಲ ಕಾಕಾ. ಒಬ್ಬರನ್ನ ಬಿಟ್ಟು ಒಬ್ಬರನ್ನ ತಗದ್ರ ಅನ್ಯಾಯ ಆಕ್ಕೈತಿ" ಎಂದಳು. ಕ್ರಮ ಎಂಬ ಕಾಲಮಿನಲ್ಲಿ, ದಿನಾ ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ, ನಾಳೆಯಿಂದ ಜಾರಿ, ಎಂದು ಬರೆದು ಸಹಿ ಹಾಕಿದಳು. ಸಿದ್ರಾಯ ಎಂಟು ನಿಮಿಷ ಸಾಕು ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಆರೂವರೆಗೆ ಗೋಕಾಕದ ಕಟ್ಟಡದಲ್ಲಿ ಮಾಲಿಂಗ ಕಸಬರಿಗೆ ಮೂಲೆಗಿಟ್ಟು ಕೆಳಗಿನ ದೀಪ ಹಾಕಿದ, ಆಮೇಲೆ ಮೊದಲ ಮಹಡಿಯದು, ಎರಡನೆಯದು. ಊದಿನಕಡ್ಡಿ ಹಚ್ಚಿಕೊಂಡು ಕೆಳಗಿಳಿದು ಬಂದವನಿಗೆ ರಸ್ತೆಯ ಆಚೆ ಕುಂಥುನಾಥರು ಕಂಡರು. ಎಪ್ಪತ್ತೊಂದು ವರ್ಷದ ಮನುಷ್ಯ, ಟೊಪ್ಪಿಗೆ ಬೀಳದಂತೆ ಒಂದು ಕೈಯಿಂದ ಹಿಡಿದುಕೊಂಡು, ತಲೆಯೆತ್ತಿ ತನ್ನ ಕಟ್ಟಡವನ್ನು ನೋಡುತ್ತ ನಿಂತಿದ್ದರು. ಅವರನ್ನು ದಾಟಿಕೊಂಡು ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು. ಅವರು ಕದಲಲಿಲ್ಲ.

ಮಾಲಿಂಗನಿಗೆ ಜೀವ ಹಾರಿತು. ಗೋಡೆಯ ಮೇಲಿನ ನೋಟೀಸು ಅವನಿಗೂ ಗೊತ್ತಿತ್ತು. ಊದಿನಕಡ್ಡಿ ಬಿಸಾಕಿ ದೊಡ್ಡ ಸ್ವಿಚ್ಚಿನ ಕಡೆಗೆ ಓಡಿ ಕೈ ಚಾಚಿದ. ಅಲ್ಲೇ ನಿಂತಿದ್ದ ಸಿದ್ರಾಯ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.