ಮಣೆಯ ಆ ತುದಿಗೆ ಕುಳಿತ ವಿಮಲ

ಆಗ ನಮ್ಮ ಕಡೆ ಮಕ್ಕಳಿಗೆ ಮನಸ್ಸು ನೋಯುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ನೋವು ಎಂದರೆ ಹೊಟ್ಟೆನೋವು, ತಲೆನೋವು, ಹಲ್ಲುನೋವು, ಅಷ್ಟೇ. ಎಪ್ಪತ್ತರ ದಶಕದ ಕೊನೆಯ ಭಾಗ. ನಾನು ಹೊನ್ನಾಳಿಯಲ್ಲಿ ಆರನೇ ಕ್ಲಾಸು. ಆ ವರ್ಷ ದೀಪಾವಳಿಯಿಂದ ಯುಗಾದಿಯವರೆಗೆ ನನಗೆ ದಿನವೂ ಹೊಟ್ಟೆನೋವು. ಓಮಿನಕಾಳು ಅಗಿದು ಅಗಿದು ನಾಲಿಗೆ ಉರಿಯುತ್ತಿತ್ತು, ನೋವು ಮಾತ್ರ ಹೋಗುತ್ತಿರಲಿಲ್ಲ.

ನಮ್ಮವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಸೀರೆಗೆ ಯಾವಾಗಲೂ ಹೊಗೆ ಮತ್ತು ಕಾದ ಮರಳಿನ ವಾಸನೆ. ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮಂಡಕ್ಕಿಗೆ ಈರುಳ್ಳಿ, ಖಾರದಪುಡಿ, ನಾಲ್ಕು ಹನಿ ಎಣ್ಣೆ ಹಾಕಿ ಕಲಸಿ ಕೊಡುತ್ತಿದ್ದಳು. ಹಾಗೆ ಕಲಸುವಾಗಲೇ ಒಂದು ದಿನ ಅವಳ ಅಂಗೈ ಅಂಚಿನಲ್ಲಿ ದೊಡ್ಡ ಬೊಬ್ಬೆ ಕಂಡೆ.

“ಅವ್ವಾ, ಕೈ ಸುಟ್ಟೈತೆ!”

ಅವಳು ಕೈ ತಿರುಗಿಸಿ ನೋಡಿಕೊಂಡಳು. “ಹೌದಲ್ಲೇ! ಯಾವಾಗ ಸುಟ್ಟಿತೋ, ನಂಗೆ ಗೊತ್ತೇ ಆಗ್ಲಿಲ್ಲ ನೋಡು” ಎಂದು ನಕ್ಕಳು.

ಸುಟ್ಟದ್ದು ಗೊತ್ತಾಗದ ಕೈಯೇ ರೋಗದ ಗುರುತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕುಷ್ಠ. ನಮ್ಮ ಜನ ಆ ಹೆಸರು ಬಾಯಲ್ಲಿ ತರುತ್ತಿರಲಿಲ್ಲ, ‘ದೊಡ್ಡ ರೋಗ’ ಎನ್ನುತ್ತಿದ್ದರು. ಬಿಳಿ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ವಾಸಿಯಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಭಟ್ಟಿಯ ಯಜಮಾನ ಮಾತ್ರ ನಾಳೆಯಿಂದ ಬರಬೇಡ ಎಂದುಬಿಟ್ಟ. ಅವ್ವ ಅಂದಿನಿಂದ ಹೊರಬಾಗಿಲಿಗೆ ಬರುವುದನ್ನೇ ಬಿಟ್ಟಳು.

ಹದಿನೈದು ದಿನಕ್ಕೆ ರೋಗದ ಸರ್ವೆಯವರು ಶಾಲೆಗೆ ಬಂದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆನ್ನು, ತೋಳು ನೋಡಿದರು. ನನ್ನ ಸರದಿ ಬಂದಾಗ ಕೈಯಲ್ಲಿದ್ದ ಕಾಗದ ನೋಡಿ, “ಇವಳ ತಾಯಿಗೇ ಅಲ್ವೇ ಇರೋದು?” ಎಂದು ಜೊತೆಯವರನ್ನು ಕೇಳಿದರು. ಕಣ್ಣು ಮುಚ್ಚಿಸಿ ಹಕ್ಕಿಯ ಪುಕ್ಕದಿಂದ ಮುಟ್ಟುತ್ತಾ ಎಲ್ಲಿ ಮುಟ್ಟಿದೆ ತೋರಿಸು ಎಂದರು. ಎಲ್ಲವನ್ನೂ ಸರಿಯಾಗಿ ತೋರಿಸಿದೆ. “ಇವಳಿಗೇನೂ ಇಲ್ಲ” ಎಂದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೊದಲಿನದು ಎಲ್ಲರಿಗೂ ಕೇಳಿಸಿತ್ತು.

ನಮ್ಮ ತರಗತಿಯಲ್ಲಿ ನೆಲದ ಮೇಲೆ ಉದ್ದುದ್ದ ಮಣೆಗಳಿದ್ದವು. ಒಂದೊಂದರ ಮೇಲೆ ಐದು ಮಕ್ಕಳು. ಮಾರನೇ ದಿನ ನಾನು ಹೋಗಿ ಕುಳಿತ ಮಣೆಯಿಂದ ನಾಲ್ವರೂ ಎದ್ದು ಹಿಂದಿನ ಮಣೆಗಳಲ್ಲಿ ಒತ್ತಿಕೊಂಡು ಕುಳಿತರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಷ್ಟು ಉದ್ದದ ಮಣೆ ನನ್ನೊಬ್ಬಳಿಗೇ ಉಳಿಯಿತು. ಆಟಕ್ಕೆ ಬಿಟ್ಟಾಗ ಶಾಲೆಯ ಹಿಂದೆ ಕುಂಟೆಬಿಲ್ಲೆಯ ಮನೆ ಬರೆದು ಒಬ್ಬಳೇ ಆಡುತ್ತಿದ್ದೆ. ಒಂದು ಆಟ ನನ್ನದು, ಒಂದು ಆಟ ಎದುರಾಳಿಯದು. ಎದುರಾಳಿಯನ್ನೇ ಹೆಚ್ಚು ಸಲ ಗೆಲ್ಲಿಸುತ್ತಿದ್ದೆ, ಸೋತರೆ ಅವಳೂ ಬಿಟ್ಟು ಹೋದಾಳು ಎಂಬಂತೆ.

ಸಂಕ್ರಾಂತಿಯ ನಂತರ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದೆ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟು, ಹೊಳೆಯ ಮೆಟ್ಟಿಲ ಮೇಲೆ ಕುಳಿತು, ಶಾಲೆ ಬಿಡುವ ಹೊತ್ತಿಗೆ ಮನೆಗೆ ಹೋಗುತ್ತಿದ್ದೆ. ತುಂಗಭದ್ರೆ ಬೇಸಗೆಯ ಕಡೆಗೆ ಸಣ್ಣಗಾಗುತ್ತಿದ್ದಳು. ಸೇತುವೆಯ ಮೇಲೆ ಹೋಗುವ ಬಸ್ಸುಗಳನ್ನು ಎಣಿಸುವುದೇ ನನ್ನ ಪಾಠ.

ಹತ್ತು ದಿನ ಹೀಗೆ ನಡೆಯಿತು. ಹನ್ನೊಂದನೇ ದಿನ, ಯಾರಿಂದ ತಿಳಿಯಿತೋ, ನಮ್ಮ ಕ್ಲಾಸಿನ ಶಾರದಮ್ಮ ಟೀಚರ್ ಹೊಳೆಯ ಮೆಟ್ಟಿಲಿಗೇ ಬಂದರು. ಬಂದು ಪಕ್ಕದಲ್ಲಿ ಕುಳಿತರು. ಬೈಯಬಹುದೆಂದು ಕಾದೆ.

“ಬುತ್ತಿ ಉಂಡೆಯೇನೇ?”

“ಇಲ್ರಿ. ಹೊಟ್ಟೆನೋವು.”

“ಯಾವಾಗಿಂದ?”

“ಮಣೆ ಖಾಲಿ ಆದಾಗಿಂದ” ಎಂದುಬಿಟ್ಟೆ. ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅವರು ನನ್ನ ಕೈ ಹಿಡಿದುಕೊಂಡು ನಮ್ಮ ಮನೆಯವರೆಗೂ ನಡೆದರು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಅಂದು ಮನೆಯಲ್ಲೇ ಇದ್ದ. ನಾನು ಶಾಲೆಗೆ ಹೋಗುತ್ತಿಲ್ಲವೆಂದು ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು.

“ಸಾಕ್ರಿ ಟೀಚರ್, ಓದಿದ್ದು. ಜಗಳೂರಾಗೆ ಇವಳ ದೊಡ್ಡವ್ವ ಅದಾಳೆ, ಅಲ್ಲಿಗೆ ಕಳಿಸ್ತೀನಿ. ಕುರಿ ಕಾಯ್ಕೊಂಡು ಇರ್ತಾಳೆ” ಎಂದ.

“ಕಳಿಸಬ್ಯಾಡ್ರಿ ಬಸಣ್ಣ. ಈ ಕೂಸು ಏನು ತಪ್ಪು ಮಾಡೈತೆ ಅಂತ ಊರು ಬಿಡಿಸ್ತೀರಿ?”

“ಇಲ್ಲಿದ್ರೆ ಯಾರು ಮಾತಾಡಿಸ್ತಾರ್ರಿ ಇದನ್ನ?”

ಟೀಚರ್ ಒಳಗೆ ಬಾಗಿಲ ಹಿಂದೆ ನಿಂತಿದ್ದ ಅವ್ವನ ಕಡೆ ತಿರುಗಿ, “ಗಂಗಮ್ಮ, ಮಾತ್ರೆ ನುಂಗ್ತಿದೀರೇನ್ರಿ?” ಎಂದರು. ಅವ್ವ ಆಸ್ಪತ್ರೆಗೆ ಹೋದರೆ ಜನ ನೋಡುತ್ತಾರೆಂದು ಒಂದು ತಿಂಗಳಿನಿಂದ ಮಾತ್ರೆ ತಂದೇ ಇರಲಿಲ್ಲ. ಟೀಚರ್ ಹೊಸ್ತಿಲ ಮೇಲೆ ಕುಳಿತು ಬಾಗಿಲಿನ ಜೊತೆ ಮಾತಾಡಿದಂತೆ ತುಂಬಾ ಹೊತ್ತು ಮಾತಾಡಿದರು. ಕೊನೆಗೆ ಒಳಗಿನಿಂದ ಅವ್ವನ ಅಳು ಕೇಳಿಸಿತು. ಆಮೇಲೆ ದನಿ. “ನೀವು ಜೊತೀಗೆ ಬರ್ತೀರಂದ್ರೆ ಹೋಗ್ತೀನ್ರಿ.”

ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರು. ಟೀಚರ್ ನಮ್ಮೂರಿನಲ್ಲಿ ಇದ್ದಷ್ಟು ದಿನವೂ ತಿಂಗಳು ತಪ್ಪದೆ ಹೋದರು. ಜಗಳೂರಿನ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ನಾನು ಮತ್ತೆ ಶಾಲೆಗೆ ಹೋದ ದಿನ ಟೀಚರ್ ತಮ್ಮ ಮಗಳು ವಿಮಲಳನ್ನು ನನ್ನ ಮಣೆಯಲ್ಲಿ ಕೂರಿಸಿದರು. ಅವಳೂ ನಮ್ಮ ಕ್ಲಾಸೇ. ಎರಡು ಜಡೆ, ಇಸ್ತ್ರಿ ಮಾಡಿದ ಲಂಗ, ಎಲ್ಲದರಲ್ಲೂ ಮೊದಲು. ಕಣ್ಣುಗಳು ಕೆಂಪಗಾಗಿದ್ದವು. ಬೆಳಿಗ್ಗೆ ಮನೆಯಲ್ಲಿ ಅತ್ತಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು. ಮಣೆಯ ಆ ತುದಿಗೆ, ಬೀಳುವಷ್ಟು ಅಂಚಿನಲ್ಲಿ ಕುಳಿತಳು. ಅವಳ ಗೆಳತಿಯರೂ ಅವಳನ್ನು ಮಾತಾಡಿಸುವುದು ಬಿಟ್ಟರು. ಒಬ್ಬಳೇ ಕುಳಿತಾಗ ಇದ್ದದ್ದಕ್ಕಿಂತ ಈಗ ನನ್ನ ಹೊಟ್ಟೆನೋವು ಹೆಚ್ಚಾಯಿತು.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಪುಸ್ತಕದಿಂದ ತಲೆ ಎತ್ತದೆ, “ನಮ್ಮಮ್ಮ ಹೇಳಿದ್ದಕ್ಕೆ ಇಲ್ಲಿ ಕುಂತೀನಿ. ನಂಗೇನೂ ಇಷ್ಟ ಇಲ್ಲ” ಎಂದಳು.

“ಗೊತ್ತು” ಎಂದೆ.

“ನಿಂಗೆ ಸಿಟ್ಟು ಬರಲ್ವಾ?”

“ಬರುತ್ತೆ. ನಿಂಗೆ?”

“ನಂಗೂ ಬರುತ್ತೆ. ಭಯಾನೂ ಆಗುತ್ತೆ.”

“ನಂಗೂ ಆಗುತ್ತೆ” ಎಂದೆ. ನನ್ನ ಕೈಯನ್ನು ದಿನಾ ಬೆಳಿಗ್ಗೆ ಚಿವುಟಿ ನೋಡಿಕೊಳ್ಳುತ್ತೇನೆಂದು, ನೋವಾದರೆ ಖುಷಿಯಾಗುತ್ತದೆಂದು ಅವಳಿಗೆ ಹೇಳಿದೆ. ಅವ್ವನಿಗೂ ಹೇಳದ ಮಾತು ಅದು. ವಿಮಲ ನನ್ನ ಕೈ ನೋಡಿದಳು. ಸರಿದು ಹತ್ತಿರ ಬಂದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಆ ತುದಿಯಲ್ಲೇ ಉಳಿದಳು. ಆದರೆ ಮರುದಿನದಿಂದ ಮಾತಾಡತೊಡಗಿದಳು. ಲೆಕ್ಕ ಬಾರದಿದ್ದರೆ ಬೈದು ಹೇಳಿಕೊಡುತ್ತಿದ್ದಳು. ಯುಗಾದಿಯ ಹೊತ್ತಿಗೆ ಕುಂಟೆಬಿಲ್ಲೆಯಲ್ಲಿ ನನ್ನನ್ನು ನಿಜವಾಗಿ ಸೋಲಿಸಿದಳು.

ಕೆಲವು ಪೋಷಕರು ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ಆ ಹುಡುಗಿಯನ್ನು ಶಾಲೆ ಬಿಡಿಸಿ ಎಂದು ಗಲಾಟೆ ಮಾಡಿದರಂತೆ. ಶಾರದಮ್ಮ ಟೀಚರ್ ಒಪ್ಪಲಿಲ್ಲವಂತೆ. ಬೇಸಗೆ ರಜೆ ಮುಗಿಸಿ ಜೂನಿನಲ್ಲಿ ಶಾಲೆಗೆ ಹೋದರೆ ಅವರಿಗೆ ವರ್ಗವಾಗಿತ್ತು. ಅದೇ ಕಾರಣವೋ, ಬೇರೆಯೋ, ಇಂದಿಗೂ ತಿಳಿಯದು. ಅವರಿದ್ದ ಬಾಡಿಗೆ ಮನೆಯವರೆಗೆ ಓಡಿಹೋದೆ. ಬೀಗ ಹಾಕಿತ್ತು. ಚನ್ನಗಿರಿ ಕಡೆಗೆ ಹೋದರು ಎಂದು ಪಕ್ಕದವರು ಹೇಳಿದರು.

ಏಳನೇ ಕ್ಲಾಸಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ನನ್ನ ಮಣೆಗೆ ಬಂದು ಕುಳಿತರು. ಯಾಕೆ ಎದ್ದು ಹೋಗಿದ್ದರು, ಯಾಕೆ ಮರಳಿ ಬಂದರು, ಯಾರೂ ಹೇಳಲಿಲ್ಲ. ಏನೂ ನಡೆದೇ ಇಲ್ಲವೆಂಬಂತೆ ನಕ್ಕರು, ನಾನೂ ನಕ್ಕೆ. ಅವ್ವ ಮಾತ್ರೆ ಬಿಡಲಿಲ್ಲ, ಆರು ವರ್ಷಕ್ಕೆ ವಾಸಿಯಾದಳು. ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಭಟ್ಟಿಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ.

ಈಗ ಮೊಮ್ಮಗಳ ಶಾಲೆಯಲ್ಲಿ ಆಪ್ತ ಸಮಾಲೋಚನೆಯ ಕೋಣೆಯಿದೆ. ಮೆತ್ತನೆಯ ಕುರ್ಚಿ, ನಿಧಾನವಾಗಿ ಮಾತಾಡುವ ಮೇಡಂ. ಒಳ್ಳೆಯದೇ, ಇನ್ನೂ ಬೇಗ ಬರಬೇಕಿತ್ತು. ಶಾರದಮ್ಮ ಟೀಚರ್ ತೀರಿಹೋದ ಸುದ್ದಿ ಯಾರದೋ ಬಾಯಿಂದ ಎಷ್ಟೋ ವರ್ಷ ತಡವಾಗಿ ಕೇಳಿದೆ. ಅವ್ವನೂ ಈಗಿಲ್ಲ. ಆ ದಿನಗಳನ್ನು ನನ್ನ ಮಣೆಯಲ್ಲೇ ಕುಳಿತು ಕಂಡವಳು ವಿಮಲ ಒಬ್ಬಳೇ, ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಮುಂದೆ ಬದುಕಿನಲ್ಲಿ ಎಷ್ಟೋ ಜನ ನಗುಮುಖದಿಂದ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದಾರೆ. ಇವರು ಯಾವಾಗ ಎದ್ದು ಹೋಗುತ್ತಾರೋ ಎಂದು ಒಳಗೊಳಗೇ ಕಾಯುತ್ತಲೇ ಇದ್ದೇನೆ. ಇಷ್ಟವಿಲ್ಲ ಎಂದು ಮುಖಕ್ಕೆ ಹೇಳಿ, ಆದರೂ ಏಳದೆ ಕುಳಿತವಳು ಅವಳೊಬ್ಬಳೇ.