ರಾಡಿಗೆ ಕಿವಿ ಇಟ್ಟ ಮಧ್ಯಾಹ್ನ

ನಮ್ಮ ಸಾಲಿಗ್ರಾಮದ ಕಡೆ ದೆವ್ವಗಳಿಗೆ ಬರವಿಲ್ಲ. ಪ್ರತಿ ತೋಡಿಗೆ, ಪ್ರತಿ ಹಾಳು ಬಾವಿಗೆ ಒಂದೊಂದು ಕಥೆ ಇದೆ. ಕಂಡವರು ಯಾರು ಎಂದು ಕೇಳಿದರೆ ಮಾತ್ರ ಎಲ್ಲರೂ ತೀರಿಹೋದ ಯಾರೋ ಅಜ್ಜನ ಹೆಸರು ಹೇಳುತ್ತಾರೆ. ನಾನು ಇಂಥ ಕಥೆಗಳಿಗೆ ನಗುತ್ತಿದ್ದವನು. ನಗುವುದಷ್ಟೇ ಅಲ್ಲ, ಹೇಳುವವರಿಗೆ ಅಡ್ಡಪ್ರಶ್ನೆ ಹಾಕಿ ಸುಸ್ತು ಮಾಡುವ ಕೆಟ್ಟ ಬುದ್ಧಿಯೂ ಇತ್ತು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಾನೇ ನಂಬಿದ್ದೇನೆಯೇ ಎಂಬುದು ನನಗೆ ಗೊತ್ತಿಲ್ಲ.

ಹುಟ್ಟಿದ್ದು ದೇವಸ್ಥಾನದ ಪರಿಚಾರಕರ ಮನೆಯಲ್ಲಿ. ದೇವರ ಕೆಲಸ ಬಿಟ್ಟು ಬೋರ್‌ವೆಲ್ ಲಾರಿ ಹತ್ತಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಯಂಗಳ ಕೊರೆದ ಮೇಲೆ, ಆ ಅನುಭವದ ಬಲದಿಂದ ತೊಂಬತ್ತೇಳರಲ್ಲಿ ಸೌದಿಗೆ ಹೋದೆ. ಅಲ್ಲಿ ಕೊರೆಯಬೇಕಾದದ್ದು ನೀರಿಗಲ್ಲ, ಬಂಗಾರಕ್ಕೆ. ಮರುಭೂಮಿಯ ನಡುವೆ ಹುಲ್ಲುಕಡ್ಡಿಯೂ ಇಲ್ಲದ ಕಪ್ಪು ಗುಡ್ಡಗಳು. ಅವುಗಳ ಮೈಯಲ್ಲಿ ಬಿಳಿಕಲ್ಲಿನ ಎಳೆಗಳು. ಆ ಎಳೆಗಳ ಕೆಳಗೆ ಬಂಗಾರ ಎಷ್ಟಿದೆ ಎಂದು ನೋಡಲು ನಾವು ಆಳಕ್ಕೆ ಕೊರೆದು, ಉದ್ದುದ್ದ ಬಳಪದಂಥ ಕಲ್ಲಿನ ತುಂಡುಗಳನ್ನು ಮೇಲೆತ್ತಿ, ಪೆಟ್ಟಿಗೆಯಲ್ಲಿ ಜೋಡಿಸಿ ಲ್ಯಾಬಿಗೆ ಕಳಿಸಬೇಕು. ಆಮೇಲಿನದು ನಮಗೆ ತಿಳಿಯುವುದಿಲ್ಲ. ಎರಡು ವರ್ಷದಲ್ಲಿ ನಾನು ಕಣ್ಣಾರೆ ಬಂಗಾರ ಕಂಡದ್ದು ಕ್ಯಾಂಪಿನ ಅಡುಗೆಯವನ ಹಲ್ಲಿನಲ್ಲಿ ಮಾತ್ರ.

ಕ್ಯಾಂಪಿನಲ್ಲಿ ನನ್ನ ಮಾತು ಬಲ್ಲವರು ಇನ್ನೊಬ್ಬರೇ ಇದ್ದರು. ಕುಂದಾಪುರ ಕೋಡಿಯ ಶೀನಣ್ಣ, ಮೀನುಗಾರಿಕೆಯವರು. ದೋಣಿಯಲ್ಲಿದ್ದ ತಮ್ಮ ಪಾಲು ಮಾರಿ, ವೀಸಾ ಮಾಡಿಸಿಕೊಂಡು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಕೆಲಸದಲ್ಲಿ ನನ್ನ ರಿಗ್ಗಿನ, ಅಂದರೆ ಕೊರೆಯುವ ಯಂತ್ರದ, ಹೆಲ್ಪರ್. ನಾನು ಅವರಿಗೆ ಶೀನಣ್ಣ ಎನ್ನುತ್ತಿದ್ದೆ, ಅವರು ನನಗೆ ಭಟ್ರೆ ಎನ್ನುತ್ತಿದ್ದರು. ಮರಳುಗಾಡಿಗೆ ಹೋದರೂ ಊರು ಬಿಡುವುದಿಲ್ಲ ನೋಡಿ.

ಅವರಿಗೊಂದು ಅಭ್ಯಾಸವಿತ್ತು. ಎಂಜಿನ್ ನಿಂತಾಗಲೆಲ್ಲ ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ಒದ್ದೆ ಮಾಡಿ ನೆಲದೊಳಗೆ ಇಳಿದ ಕೊರೆಯುವ ರಾಡಿಗೆ ಸುತ್ತಿ, ಅದರ ಮೇಲೆ ಕಿವಿ ಇಡುವುದು. ಕಡಲಲ್ಲಿ ಅವರ ಅಪ್ಪ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿ ಇಟ್ಟು, ಮೀನಿನ ಹಿಂಡು ಯಾವ ಕಡೆ ಹೋಗುತ್ತಿದೆ ಎಂದು ಹೇಳುತ್ತಿದ್ದರಂತೆ. ಸದ್ದು ಮಾಡುವ ಮೀನುಗಳಿವೆಯಂತೆ. ಅದೇ ವಿದ್ಯೆ ಇಲ್ಲಿ. "ಒಳ್ಗೆ ಬಿರುಕ್ ಇತ್ತ್", "ಕಲ್ಲ್ ಬದ್ಲ್ ಆಯ್ತ್" ಎಂದು ಹೇಳುವರು, ಬಹಳ ಸಲ ಅದು ಸರಿಯೂ ಆಗುತ್ತಿತ್ತು. ಇದರಲ್ಲಿ ನನಗೇನೂ ಸೋಜಿಗ ಕಂಡಿರಲಿಲ್ಲ. ಕಬ್ಬಿಣದಲ್ಲಿ ಸದ್ದು ದೂರ ಹರಿಯುತ್ತದೆ, ಅವರ ಕಿವಿ ಪಳಗಿದೆ, ಅಷ್ಟೆ.

ಆ ದಿನ ಮಧ್ಯಾಹ್ನ ಸುಮಾರು ನಲವತ್ತು ಮೀಟರಿನಲ್ಲಿದ್ದೆವು. ಕೊರೆಯುವಾಗ ಒಳಗೆ ಬಿಟ್ಟ ನೀರು ಪುಡಿಯೊಂದಿಗೆ ಮೇಲೆ ಬರಬೇಕು. ಅಂದು ನೀರು ಹೋಯಿತು, ಬರಲಿಲ್ಲ. ಕೆಳಗೆ ಎಲ್ಲೋ ಬಿರುಕು ಸಿಕ್ಕಿದೆ ಎಂದು ಎಂಜಿನ್ ಆಫ್ ಮಾಡಿದೆ. ಉಳಿದವರು ಊಟಕ್ಕೆ ಹೋಗಿದ್ದರು. ಗಾಳಿ ಇರಲಿಲ್ಲ. ಶೀನಣ್ಣ ಕಿವಿ ಇಟ್ಟರು, ಇಟ್ಟವರು ತೆಗೆಯಲೇ ಇಲ್ಲ. ಕೊನೆಗೆ ತಲೆ ಎತ್ತಿ, "ಭಟ್ರೆ, ಕೆಳಗ್ ಜನ ಇದ್ರ್" ಎಂದರು.

ನಾನು ನಕ್ಕೆ. ನಗುತ್ತಲೇ ಕಿವಿ ಇಟ್ಟೆ. ಟಕ್, ಟಕ್, ಟಕ್. ಕಲ್ಲಿನ ಮೇಲೆ ಉಳಿ ಹೊಡೆದ ಹಾಗೆ. ನಡುವೆ ನಿಲ್ಲುತ್ತಿತ್ತು, ಕೈಸೋತವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಮತ್ತೆ ಶುರು. ಕಾದ ಕಬ್ಬಿಣ ತಣಿಯುವಾಗ ಹೀಗೆ ಸದ್ದು ಮಾಡುತ್ತದೆ ಎಂದು ಅವರಿಗೆ ಹೇಳಿದೆ. ಕೆಳಗೆ ಯಾರೂ ಇಲ್ಲ ಎಂದು ತೋರಿಸಿಯೇ ಬಿಡೋಣ ಎಂದು ಸ್ಪ್ಯಾನರ್ ತೆಗೆದುಕೊಂಡು ರಾಡಿಗೆ ಎರಡು ಪೆಟ್ಟು ಹಾಕಿ, ಸ್ವಲ್ಪ ಬಿಟ್ಟು ಇನ್ನೊಂದು ಹಾಕಿದೆ.

ಕೆಳಗಿನ ಸದ್ದು ನಿಂತಿತು. ನಾನು ಹತ್ತರವರೆಗೆ ಎಣಿಸಿರಬಹುದು. ಆಮೇಲೆ ಎರಡು ಪೆಟ್ಟು ಬಂತು. ಸ್ವಲ್ಪ ಬಿಟ್ಟು ಇನ್ನೊಂದು.

ಈ ಜಾಗದಲ್ಲಿ ನಾನು ಹೆದರಿದೆ ಎಂದು ಬರೆದರೆ ನಿಮಗೆ ಸರಿ ಎನಿಸಬಹುದು. ನಿಜ ಹೇಳಬೇಕೆಂದರೆ ನನಗೆ ಬಂದದ್ದು ಸಿಟ್ಟು. ಊರಲ್ಲಿ ಅಷ್ಟು ಜನರನ್ನು ನಗೆಪಾಟಲು ಮಾಡಿದವನನ್ನು ಯಾರೋ ಹಿಡಿದು ಕೂರಿಸಿದ ಹಾಗಾಯಿತು. ಎಂಜಿನ್ ಶುರು ಮಾಡಲು ಹೋದೆ. ಶೀನಣ್ಣ ಅಡ್ಡ ನಿಂತರು.

"ಮೀನಾರೆ ಬಲೆ ಬಿಡ್ಲಕ್ಕ್ ಭಟ್ರೆ. ಇದ್ ಮೀನಲ್ಲ. ಕೇಂಡದ್ದಕ್ಕೆ ಉತ್ರ ಕೊಟ್ರ್ ಕಾಣಿ. ನಾನಂತೂ ತಿರ್ಗ್ಸುದಿಲ್ಲ, ನೀವೂ ತಿರ್ಗ್ಸ್ಬೇಡಿ."

ಕೆಲಸ ನಿರಾಕರಿಸಿದರೆ ವಾಪಸ್ ಕಳಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಬಂದು ಏಳು ತಿಂಗಳಾಗಿತ್ತಷ್ಟೆ. ಊರಲ್ಲಿ ಹಿಂದಿರುಗಲು ದೋಣಿಯೂ ಇರಲಿಲ್ಲ. ಅದನ್ನೇ ನೆನಪಿಸಿದೆ. ಅವರು ಅಲ್ಲಾಡಲಿಲ್ಲ. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವನು, "ಕಡಲಲ್ಲಿ ಇದ್ದಿದ್ದ್ ನಿನ್ ತಲೆಗೂ ಉಪ್ಪ್ ಹತ್ತಿತ್ತ್" ಎಂದೆ. ಅವರು ಬೈರಾಸು ಹಿಂಡಿ ಹೆಗಲಿಗೆ ಹಾಕಿಕೊಂಡು ಕ್ಯಾಂಪಿನ ಕಡೆ ನಡೆದುಹೋದರು. ಸಂಜೆ ಸೂಪರ್‌ವೈಸರ್ ಕೇಳಿದಾಗ, ಇವರು ಕೆಲಸ ಮಾಡಲು ಒಪ್ಪಲಿಲ್ಲ ಎಂದಷ್ಟೇ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ನಾಲ್ಕನೇ ದಿನ ನೀರಿನ ಟ್ಯಾಂಕರಿನಲ್ಲಿ ಅವರು ಹೊರಟರು. ಅಲ್ಲಿಯವರೆಗೆ ನಾನು ಅವರ ಕಣ್ಣಿಗೆ ಬೀಳಲಿಲ್ಲ, ರಿಗ್ಗಿನ ಸುದ್ದಿ ಹೇಳಲು ಅವರ ಮಾತು ಬಲ್ಲವರು ಬೇರೆ ಇರಲಿಲ್ಲ.

ಆ ಮಧ್ಯಾಹ್ನಕ್ಕೆ ಬರುತ್ತೇನೆ. ಊಟ ಮುಗಿಸಿ ಬಂದ ಇನ್ನೊಬ್ಬನನ್ನು ನಿಲ್ಲಿಸಿಕೊಂಡು ಕೊರೆದೆ. ಅರ್ಧ ಗಂಟೆಯಾಗಿರಲಿಲ್ಲ, ರಾಡುಗಳು ಒಮ್ಮೆಲೇ ಆಳೆತ್ತರ ಕೆಳಗೆ ಜಾರಿ ನಿಂತವು. ಕೆಳಗೆ ಟೊಳ್ಳು. ಬೋರಿನ ಬಾಯಿಯಿಂದ ಗಾಳಿ ಮೇಲೆ ಬರತೊಡಗಿತು, ನಿಧಾನವಾಗಿ, ತುಂಬಾ ಹೊತ್ತು. ಅದರಲ್ಲೊಂದು ವಾಸನೆ ಇತ್ತು. ಎಣ್ಣೆದೀಪ ಆರಿದ ಕೂಡಲೇ ಬತ್ತಿಯಿಂದ ಏಳುವ ವಾಸನೆ. ಹತ್ತು ವರ್ಷ ಗರ್ಭಗುಡಿಯ ಹೊರಗೆ ನಂದಾದೀಪಕ್ಕೆ ಎಣ್ಣೆ ಹಾಕಿದವನಿಗೆ ಬೇರೆ ಎಲ್ಲದರಲ್ಲಿ ತಪ್ಪಬಹುದು, ಅದರಲ್ಲಿ ತಪ್ಪುವುದಿಲ್ಲ. ಎಂಜಿನ್ ನಿಲ್ಲಿಸಿ ಕಿವಿ ಇಟ್ಟೆ. ಏನೂ ಇಲ್ಲ. ಸ್ಪ್ಯಾನರಿನಿಂದ ಎರಡು ಪೆಟ್ಟು, ಬಿಟ್ಟು ಒಂದು. ಏನೂ ಇಲ್ಲ. ಎಷ್ಟು ಸಲ ಹೊಡೆದೆನೋ, ಜೊತೆಯವನು ಬಂದು ಕೈ ಹಿಡಿದ.

ಜಿಯಾಲಜಿಸ್ಟ್ ಸುದ್ದಿ ಕೇಳಿ ಕುಣಿದಾಡಿದ. ಅಲ್ಲಿ ನೂರಾರು ವರ್ಷಗಳ ಹಿಂದಿನ ಗಣಿಗಳಿವೆಯಂತೆ, ಬಾಯಿಗಳು ಮರಳಿನಲ್ಲಿ ಮುಚ್ಚಿಹೋಗಿವೆಯಂತೆ. ಹಿಂದಿನವರು ಬಂಗಾರವಿಲ್ಲದ ಕಡೆ ಅಗೆಯುತ್ತಿರಲಿಲ್ಲ, ಇದು ಒಳ್ಳೆಯ ಲಕ್ಷಣ ಎಂದ. ಈಗ ಯಾರಾದರೂ ಕಳ್ಳತನದಿಂದ ಒಳಗೆ ಕೆಲಸ ಮಾಡುತ್ತಿರಬಹುದೇ ಎಂದು ಕೇಳಿದೆ. ನಕ್ಕುಬಿಟ್ಟ. ಆದರೂ ಶುಕ್ರವಾರ ರಜೆಯಲ್ಲಿ ನಾನೊಬ್ಬನೇ ಆ ಗುಡ್ಡವನ್ನು ಸುತ್ತು ಹಾಕಿದೆ. ಇಲಿ ನುಗ್ಗುವಷ್ಟು ತೂತೂ ಇರಲಿಲ್ಲ. ಮರಳಿನ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆ ಇರಲಿಲ್ಲ.

ಆಮೇಲೆ ನಾನು ಮಾಡದ ತರ್ಕವಿಲ್ಲ. ಬಿಸಿಲಿಗೆ ಕಾದ ರಾಡು ಕೆಳಗಿನ ತಂಪಿಗೆ ಸದ್ದು ಮಾಡಿದ್ದೀತು. ನನ್ನ ಪೆಟ್ಟು ಪ್ರತಿಧ್ವನಿಸಿದ್ದೀತು, ಆದರೆ ಪ್ರತಿಧ್ವನಿ ಅಷ್ಟು ಹೊತ್ತು ಯೋಚಿಸುವುದಿಲ್ಲ. ವಾಸನೆ ಸುಟ್ಟ ಗ್ರೀಸಿನದಿದ್ದೀತು. ಒಂದೊಂದನ್ನೂ ಬೇರೆಬೇರೆಯಾಗಿ ಒಪ್ಪಬಲ್ಲೆ. ಒಟ್ಟಿಗೆ ಇಟ್ಟರೆ ಆಗುವುದಿಲ್ಲ.

ಸೌದಿ ಬಿಟ್ಟು ಊರಿಗೆ ಬಂದು ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ಒಂಬತ್ತರಲ್ಲಿ, ಕೋಡಿಯಲ್ಲಿ ಒಂದು ಮನೆಗೆ ಬೋರ್ ತೆಗೆಯುವ ಜಾಗ ನೋಡಲು ಹೋದೆ. ದಾರಿಯ ಬದಿಯ ಚಪ್ಪರದಲ್ಲಿ ಶೀನಣ್ಣ ಬಲೆ ಹೆಣೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿಯೂ ನೋಡದ ಹಾಗೆ ದಾಟೋಣ ಅನಿಸಿತು. "ಹ್ವಾಯ್ ಭಟ್ರೆ! ಬನ್ನಿ, ಕೂಕಣಿ" ಎಂದು ಅವರೇ ಕರೆದರು. ಬೇರೆಯವರ ದೋಣಿಯಲ್ಲಿ ಆಳಾಗಿ ಹೋಗುತ್ತಿದ್ದೆ, ಈಗ ಮೊಣಕಾಲು ಬಿಡುವುದಿಲ್ಲ ಎಂದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ನನಗೆ ನಾಚಿಕೆಯಾಯಿತು. ಚಾ ಬಂತು. ಅವರು ಬಲೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು:

"ಆ ಬೋರ್ ಕಡಿಗ್ ಎಂತ ಮಾಡಿದ್ರಿ? ಮುಂದ್ ಕೊರ್ದ್ರ್ಯಾ?"

"ಇಲ್ಲ ಶೀನಣ್ಣ. ಅಲ್ಲೇ ನಿಲ್ಸಿದೆ."

ಅವರು ಸೂಜಿ ಕೆಳಗಿಟ್ಟರು. "ಹಾಂಗಾರೆ ಅಡ್ಡಿಲ್ಲೆ. ಇಷ್ಟ್ ವರ್ಷ ನಂಗ್ ಅದೊಂದೇ ಚಿಂತೆ ಇದ್ದಿತ್ತ್" ಎಂದು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಕೆಳಗೆ ಏನಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬರೀ ಕಬ್ಬಿಣದ ಸದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಬರೀ ಕಬ್ಬಿಣದ ಸದ್ದೇ ಆಗಿದ್ದರೆ, ಅಂದು ಶೀನಣ್ಣನ ಎದುರು ಕೂತು ನಾನು ಯಾಕೆ ಸುಳ್ಳು ಹೇಳಿದೆ?