ರೇಷ್ಮೆಯ ಸರಭರಕ್ಕೆ ಕುಗ್ಗುವ ಉರಿ

ಸಾಲೆ ನದಿಯ ದಂಡೆಯ ಆ ಊರಿನಲ್ಲಿ ಗಂಡ ಪ್ರೊಫೆಸರಾದರೆ ಸಾಕು, ಹೆಂಡತಿ ಪುಸ್ತಕ ಮುಟ್ಟದೆಯೂ ಪ್ರೊಫೆಸರಮ್ಮ. ವರ ಪ್ರೊಫೆಸರಾಗುವವರೆಗೆ ಮಗಳು ಎರ್ನೆಸ್ಟೀನಳ ಮದುವೆ ಬೇಡವೆಂದು ತಾಯಿಯ ಹಟ. ಹಾಗಾಗಿ ನಿಶ್ಚಿತಾರ್ಥವಾಗಿ ಎಷ್ಟೋ ವರ್ಷ ಕಳೆದರೂ ಮದುವೆಯ ರೇಷ್ಮೆ ಗೌನು ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು.

ವರ ಲೇಬೆರೆಕ್ಟ್ ಕ್ವಾಂಟ್ ಸಂಬಳವಿಲ್ಲದ ಉಪನ್ಯಾಸಕ. ಶಾಖ, ಶಬ್ದ, ಬೆಳಕು ಮೂರನ್ನೂ ಅರೆದು ಕುಡಿದವನು. ಎದುರಿಗೆ ಕೂತವರ ಮುಖ ನೋಡುವುದೊಂದನ್ನು ಮಾತ್ರ ಕಲಿತಿರಲಿಲ್ಲ. ಅವನ ಜೀವವೆಲ್ಲ ಒಂದು ಗ್ಯಾಸಿನ ಉರಿಯಲ್ಲಿತ್ತು. ಮೊಳದುದ್ದ ನೆಟ್ಟಗೆ ನಿಲ್ಲುವ ಆ ಉರಿ, ಬೀಗದ ಕೈ ಝಣಗುಟ್ಟಿದರೂ ರೇಷ್ಮೆ ಸರಭರ ಅಂದರೂ ತಟ್ಟನೆ ಕುಗ್ಗುತ್ತಿತ್ತು. ಅದಕ್ಕೇ ಎರ್ನೆಸ್ಟೀನಳಿಗೆ ಅಪ್ಪಣೆಯಾಗಿತ್ತು: ಪ್ರಯೋಗಶಾಲೆಗೆ ಉಣ್ಣೆಯ ಬಟ್ಟೆ ತೊಟ್ಟೇ ಬರಬೇಕು. ಬರುತ್ತಿದ್ದಳು. ಅವಳು ಬಂದದ್ದು ಹೋದದ್ದು ಉರಿಗೂ ತಿಳಿಯುತ್ತಿರಲಿಲ್ಲ, ಕ್ವಾಂಟನಿಗೂ ತಿಳಿಯುತ್ತಿರಲಿಲ್ಲ.

ಕೊನೆಗೂ ಪ್ರೊಫೆಸರ್ ಹುದ್ದೆಯೊಂದು ಖಾಲಿಯಾಯಿತು. ಉರಿಯ ಚಮತ್ಕಾರ ನೋಡಲು ಸಂಸ್ಥಾನದ ಮಂತ್ರಿಗಳು ಪತ್ನೀಸಮೇತ ದಯಮಾಡಿಸಿದರು. ಆಕೆಯ ಮೈತುಂಬ ಫ್ರಾನ್ಸಿನ ರೇಷ್ಮೆ. ಉರಿಯನ್ನು ಕುಗ್ಗಿಸಿ ತೋರಿಸಲು ಕ್ವಾಂಟ್ ಸಿಳ್ಳೆ ಊದುವ ಮೊದಲೇ ಅದು ತಾನಾಗಿ ಕುಗ್ಗಿತು, ಎದ್ದಿತು, ಮತ್ತೆ ಕುಗ್ಗಿತು.

"ಏನ್ರೀ, ನಿಮ್ಮ ದೀಪಕ್ಕೇನು ಚಳಿಜ್ವರವೇ?" ಎಂದು ಮಂತ್ರಿಗಳು ನಕ್ಕರು.

"ಗಾಳಿ ಅನ್ನಿ, ಕಿಟಕಿ ಅನ್ನಿ," ಎಂದು ಎರ್ನೆಸ್ಟೀನ್ ಹಿಂದಿನಿಂದ ಪಿಸುಗುಟ್ಟಿದಳು.

ಆದರೆ ಕ್ವಾಂಟ್ ಸತ್ಯಸಂಧ. "ಇಲ್ಲ ಸ್ವಾಮಿ, ಅಮ್ಮಾವ್ರು ಕೂತಲ್ಲಿ ಕೂರದೆ ಮಿಸುಕಾಡ್ತಿದ್ದಾರೆ. ಅವರನ್ನ ಹೊರಗೆ ಕೂರಿಸಿದ್ರೆ ಸರಿಹೋಗತ್ತೆ."

ಅಮ್ಮಾವ್ರು ಹೊರಗೆ ಹೋದರು. ಮಂತ್ರಿಗಳೂ ಹೋದರು. ಅವರ ಹಿಂದೆಯೇ ಹುದ್ದೆಯೂ ಹೋಯಿತು.

"ನೋಡಿದ್ಯಾ, ಈಗ ಎಷ್ಟು ನೆಟ್ಟಗೆ ನಿಂತಿದೆ!" ಎಂದು ಕ್ವಾಂಟ್ ಹಿಗ್ಗಿದ.

ಮರುದಿನ ಎರ್ನೆಸ್ಟೀನ್ ಪೆಟ್ಟಿಗೆ ತೆರೆದು ಮದುವೆಯ ಗೌನು ತೊಟ್ಟಳು. ತಾಯಿ ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಹುದ್ದೆ ಬೇಡ, ಪ್ರೊಫೆಸರಮ್ಮನ ಪಟ್ಟವೂ ಬೇಡ, ಈಗಲೇ ಮದುವೆಯಾಗೋಣ ಎಂದು ಹೇಳಿಬಿಡಲು ಹೊರಟಿದ್ದಳು. ಪ್ರಯೋಗಶಾಲೆಯೊಳಗೆ ಕಾಲಿಟ್ಟದ್ದೇ ತಡ, ಅಷ್ಟೆತ್ತರದ ಉರಿ ತಲೆ ತಗ್ಗಿಸಿತು. ಅವಳಿಗೆ ಅಳು ಉಕ್ಕಿ ಬಂತು.

"ನಿಮ್ಮ ದೀಪಕ್ಕಾದ್ರೂ ನಾನು ಬಂದಿದ್ದು ಗೊತ್ತಾಯ್ತು," ಎಂದಳು. "ಇದನ್ನ ಯಾಕೆ ಹಾಕ್ಕೊಂಡು ಬಂದಿದ್ದೀನಿ, ಕೇಳಲ್ವಾ?"

ಕ್ವಾಂಟನ ಕಣ್ಣು ಉರಿಯ ಮೇಲೆಯೇ ನೆಟ್ಟಿತ್ತು. "ಅಷ್ಟು ದೂರದಿಂದ್ಲೇ ಕೇಳಿಸ್ತಲ್ಲ ಅದಕ್ಕೆ! ಎರ್ನೆಸ್ಟೀನ್, ಇನ್ನೊಂದ್ಸಲ ಬಾಗಿಲ ತನಕ ಹೋಗು. ನಿಧಾನಕ್ಕೆ."

ಅವಳು ನಿಧಾನಕ್ಕೇ ಹೋದಳು. ಬಾಗಿಲು ದಾಟಿದಳು, ಮೆಟ್ಟಿಲಿಳಿದಳು, ಬೀದಿಯ ತಿರುವಿನಲ್ಲೂ ಹಿಂದಿರುಗಿ ನೋಡಲಿಲ್ಲ. ಒಳಗೆ ಕ್ವಾಂಟ್ ನೆಟ್ಟಗಾದ ಉರಿಯನ್ನು ಅಳೆಯುತ್ತ, "ಸಾಕು, ಈಗ ಬಾ," ಎಂದು ಕರೆಯುತ್ತಲೇ ಇದ್ದ.